ತೆಂಗುಸೀಮೆಯ ದ್ವಿಚಕ್ರ ಶಿಲ್ಪ: ಒಂದು ಶಾಸ್ತ್ರೀಯ ವಿವೇಚನೆ

ತಿಪಟೂರು ಸೀಮೆಯ ಅರಳಗುಪ್ಪೆಯ ಕಲ್ಲೇಶ್ವರ ಗುಡಿಗೆ ವಿದ್ವಾಂಸರು ದೂರದೂರದಿಂದ ಬರುತ್ತಾರೆ. ಒಂಬತ್ತನೇ ಶತಮಾನದ ಚಾವಣಿಯಲ್ಲಿ ಕುಣಿಯುವ ಶಿವನನ್ನೂ ಸುತ್ತಲಿನ ದಿಕ್ಪಾಲಕರನ್ನೂ ಕತ್ತು ನೋಯುವವರೆಗೆ ನೋಡಿ, ಗಂಗರೋ ನೊಳಂಬರೋ ಎಂದು ವಾದಿಸಿ, ಹೊರಗೆ ಬಂದು ಕಾರು ಹತ್ತುತ್ತಾರೆ. ಅಲ್ಲೇ ಬೇಲಿಗೊರಗಿ, ಎರಡೂ ಮಗ್ಗುಲಿಗೆ ಎಳನೀರ ಗೊನೆ ಇಳಿಬಿಟ್ಟುಕೊಂಡು ನಿಂತ ಟಿವಿಎಸ್ಸಿನ ಮೇಲೆ ಇದುವರೆಗೆ ಒಬ್ಬರೂ ಒಂದು ಅಡಿಟಿಪ್ಪಣಿ ಬರೆದಿಲ್ಲ. ಶಿಲ್ಪಶಾಸ್ತ್ರದ ಈ ಕೊರತೆಯನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ಅಧ್ಯಯನದ ಕ್ಷೇತ್ರ ಬೋರನಕಣಿವೆ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ ಮೈಸೂರು ಅರಸರ ಕಾಲದಲ್ಲಿ ಸುವರ್ಣಮುಖಿಗೆ ಅಡ್ಡಲಾಗಿ ಕಟ್ಟೆ ಕಟ್ಟಿದ್ದು ನೀರಾವರಿಗೆ. ಈಗ ಅದು ಬೈಕುಗಳ ಸ್ಟ್ಯಾಂಡು ಹಾಕಿ ಫೋಟೊ ತೆಗೆಸಿಕೊಳ್ಳಲೂ ಒದಗಿದೆ. ಭಾನುವಾರ ಟೀ ಅಂಗಡಿಯ ಮುಂದೆ ಕೂತರೆ ಸಾಕು, ಎಲ್ಲ ಪಂಥದವರೂ ಹಾದುಹೋಗುತ್ತಾರೆ. ಸಂಶೋಧನಾ ವೆಚ್ಚ, ಟೀ ಮತ್ತು ಬೋಂಡ.

ಮೊದಲು ಪೂರ್ವಪಕ್ಷ. ಎರಡನೇ ಮಹಾಯುದ್ಧ ಮುಗಿಸಿ ಬಂದ ಅಮೆರಿಕದ ಸೈನಿಕರು ಬೈಕಿನ ಮಡ್‌ಗಾರ್ಡ್ ಕತ್ತರಿಸಿ ಹಗುರ ಮಾಡಿಕೊಂಡರಂತೆ. 1969ರ ‘ಈಸಿ ರೈಡರ್’ ಸಿನಿಮಾ ಬಂದಮೇಲೆ ಮುಂದಿನ ಚಕ್ರ ಮಾರುದ್ದ ಮುಂದಕ್ಕೆ ಹೋಯಿತು. ಅತ್ತ ಲಂಡನ್ನಿನ ಏಸ್ ಕೆಫೆಯ ಹುಡುಗರು ಗಂಟೆಗೆ ನೂರು ಮೈಲಿ ಮುಟ್ಟಬೇಕೆಂದು ಹ್ಯಾಂಡಲ್ ತಗ್ಗಿಸಿ, ಟ್ಯಾಂಕಿನ ಮೇಲೆ ಬೋರಲು ಮಲಗಿದರು. ಕೆಫೆ ರೇಸರ್ ಹುಟ್ಟಿದ್ದು ಹೀಗೆ. ಈ ವಿದ್ಯೆಗಳೆಲ್ಲ ಬೆಂಗಳೂರಿನ ಗ್ಯಾರೇಜುಗಳಲ್ಲಿ ಉಪನಯನ ಮುಗಿಸಿಕೊಂಡು, ತುಮಕೂರು, ಗುಬ್ಬಿ, ಕೆ.ಬಿ. ಕ್ರಾಸ್ ದಾಟಿ ನಮ್ಮ ಸೀಮೆಗೆ ಬಂದಿವೆ.

ಬಂದಮೇಲೆ ಇಲ್ಲಿ ಶಾಖೆಗಳಾದವು. ಮೊದಲನೆಯದನ್ನು ನೊಳಂಬ ಶಾಖೆ ಎನ್ನೋಣ. ಅಲಂಕಾರ ಕಡಿಮೆ, ಗಾಂಭೀರ್ಯ ಹೆಚ್ಚು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿದರೂ ಯೆಜ್ಡಿಯನ್ನು ಬಿಡದವರು, ಅದೇ ವರ್ಷ ತಯಾರಿಕೆ ನಿಂತ ಆರ್‌ಎಕ್ಸ್ 100 ಅನ್ನು ಲಕ್ಷ ಕೊಟ್ಟು ಕೊಂಡವರು ಈ ಶಾಖೆಯವರು. 98 ಸಿಸಿ, 11 ಅಶ್ವಶಕ್ತಿ. ಆದರೆ ಸದ್ದು ಕೇಳಿದವರು ಕುದುರೆ ಲಾಯವೇ ಕಿತ್ತುಬಂದಿತೆಂದುಕೊಳ್ಳಬೇಕು.

ಎರಡನೆಯದು ಹೊಯ್ಸಳ ಶಾಖೆ. ಒಂದಂಗುಲ ಜಾಗವೂ ಖಾಲಿ ಬಿಡಬಾರದೆಂಬುದು ಇದರ ಮೂಲತತ್ತ್ವ. ಬುಲೆಟ್ಟಿನ ಟ್ಯಾಂಕಿನ ಮೇಲೆ ಹುಲಿ, ಹೆಡ್‌ಲೈಟಿಗೆ ಹುಬ್ಬು, ಹ್ಯಾಂಡಲ್ಲಿಗೆ ಜಾಲರಿ, ಹಿಂದೆ ‘ಅಪ್ಪ ಅಮ್ಮನ ಆಶೀರ್ವಾದ’, ಅದರ ಕೆಳಗೆ ದಸರೀಘಟ್ಟದ ಚೌಡೇಶ್ವರಿ. ಕೆಎ-44 ಎಂಬ ತಿಪಟೂರಿನ ಅಂಕಿ ಮಾತ್ರ ಎಷ್ಟು ಬಳುಕಿರುತ್ತದೆಂದರೆ ಓದಲು ಶಾಸನತಜ್ಞರೇ ಬೇಕು. ನುಗ್ಗೇಹಳ್ಳಿಯ ಹೊಯ್ಸಳ ಗುಡಿಯಲ್ಲಿ ಶಿಲ್ಪಿಗಳಾದ ಬೈಚೋಜ, ಮಲ್ಲಿತಮ್ಮ ತಮ್ಮ ಹೆಸರು ಕೆತ್ತಿಟ್ಟು ಹೋದರು. ಇಲ್ಲಿಯೂ ರೇಡಿಯಂ ಅಂಗಡಿಯ ಶಿಲ್ಪಿ ಮಡ್‌ಗಾರ್ಡಿನ ತುದಿಯಲ್ಲಿ ಫೋನ್ ನಂಬರು ಬಿಟ್ಟಿರುತ್ತಾನೆ. ಪರಂಪರೆ ಮುರಿದಿಲ್ಲ.

ಈ ಎರಡು ಶಾಖೆಗಳ ಏಳುಬೀಳಿಗೆ ಕಾರಣ ಸೌಂದರ್ಯಪ್ರಜ್ಞೆ ಎಂದು ನಗರದವರು ತಿಳಿದಿದ್ದಾರೆ. ತಪ್ಪು. ಕಾರಣ ಉಂಡೆ ಕೊಬ್ಬರಿ. 2023ರಲ್ಲಿ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದರೂ ತಿಪಟೂರು ಮಾರುಕಟ್ಟೆಯಲ್ಲಿ ದರ ಅದಕ್ಕಿಂತ ಎಷ್ಟೋ ಕೆಳಗೆ ಬಿದ್ದಿತ್ತು. ಅದು ಸ್ಟಿಕ್ಕರ್ ಯುಗ. 2025ರಲ್ಲಿ ದರ 20,000 ದಾಟಿತು. ಸೈಲೆನ್ಸರ್ ಯುಗ ಶುರುವಾಯಿತು. ಅಟ್ಟದಲ್ಲಿ ಕೊಬ್ಬರಿ ಗಲಗಲ ಎಂದರೆ ಬೀದಿಯಲ್ಲಿ ಬುಲೆಟ್ ಗುಡುಗುಡು ಎನ್ನುತ್ತದೆ. ಈ ನಾದಸಂಬಂಧವನ್ನು ಅರ್ಥಶಾಸ್ತ್ರಜ್ಞರು ಇನ್ನಾದರೂ ಗಮನಿಸಬೇಕು.

ಇನ್ನು ಸಿದ್ಧಾಂತಪಕ್ಷ. ತೆಂಗುಸೀಮೆಯ ನಿಜವಾದ ಕಸ್ಟಮ್ ಬೈಕು ಮೇಲಿನ ಯಾವುದೂ ಅಲ್ಲ, ಟಿವಿಎಸ್. 1980ರಲ್ಲಿ ಹೊಸೂರಿನಿಂದ ಟಿವಿಎಸ್ 50 ಹೊರಬಂದಾಗ ದೇಶದ ಮೊದಲ ಇಬ್ಬರು ಕೂರುವ ಮೊಪೆಡ್ ಎಂದು ಹೆಸರಾಯಿತು. ನಮ್ಮವರು ಅದನ್ನು ಮನೆಗೆ ತಂದು ಕುಂಕುಮ ಇಟ್ಟು, ನಿಂಬೆಹಣ್ಣು ಹತ್ತಿಸಿ, ಆಮೇಲೆ ಮಾಡಿದ ಮೊದಲ ಕೆಲಸ ಆ ಎರಡನೇ ಸೀಟು ಕಿತ್ತದ್ದು. ಅಮೆರಿಕದವನೂ ಹಿಂದಿನ ಸೀಟು ಕಿತ್ತ. ತಾನು ಒಂಟಿ ಸಲಗ ಎಂದು ಲೋಕಕ್ಕೆ ತೋರಿಸಲು ಕಿತ್ತ. ನಮ್ಮವನು ಕಿತ್ತದ್ದು ಬೂಸಾ ಮೂಟೆ ಕೂರಲೆಂದು.

ಕಿತ್ತ ಜಾಗಕ್ಕೆ ವೆಲ್ಡಿಂಗ್ ಶಾಪಿನವನು ಆ್ಯಂಗ್ಲರ್ ಕಬ್ಬಿಣದ ಕ್ಯಾರಿಯರ್ ಕೂರಿಸುತ್ತಾನೆ. ನಕ್ಷೆ ಇಲ್ಲ, ಟೇಪು ಇಲ್ಲ. ಗಿರಾಕಿ ಎರಡು ಕೈ ಅಗಲಿಸಿ ತೋರಿಸಿದ್ದೇ ಅಳತೆ. ಪಕ್ಕಕ್ಕೆ ಹಾಲಿನ ಕ್ಯಾನಿಗೆ ಕೊಕ್ಕೆ. ಮುಂದೆ, ಕಾಲಿಡುವ ಕಡೆ, ಮೇವಿನ ಹೊರೆ. ಕಾಲು ಎಲ್ಲಿಡಬೇಕೆಂಬ ಪ್ರಶ್ನೆಗೆ ಶಾಸ್ತ್ರದಲ್ಲಿ ಉತ್ತರವಿಲ್ಲ. ಸೀಟಿಗೆ ಗೋಣಿ ತಾಟು. ಬಿಗಿಯಲು ಸೀಳಿದ ಟ್ಯೂಬು, ಇಲ್ಲವೇ ತೆಂಗಿನ ನಾರಿನ ಹಗ್ಗ. ಎಳನೀರಿನದಂತೂ ಬೇರೆಯೇ ಗಣಿತ. ಎಡಕ್ಕೆ ಕಟ್ಟಿದಷ್ಟೇ ತೂಕ ಬಲಕ್ಕೂ ಬೇಕು. ಬಿಚ್ಚುವಾಗ ಒಂದೇ ಕಡೆಯಿಂದ ಬಿಚ್ಚಿದವನು ಬೈಕಿನೊಡನೆ ತಾನೂ ಮಲಗುತ್ತಾನೆ. ಈ ತತ್ತ್ವ ತಿಳಿದವರು ಬರೆದಿಡುವುದಿಲ್ಲ, ಬರೆದಿಡುವ ನಮ್ಮಂಥವರಿಗೆ ಕಟ್ಟಲು ಬರುವುದಿಲ್ಲ.

ಇಂಥ ಒಂದು ಕೃತಿಯ ಒಡೆಯರನ್ನು ಟೀ ಅಂಗಡಿಯ ಮುಂದೆ ತಡೆದು, “ಯಜಮಾನ್ರೇ, ಇದು ಯಾವ ಶೈಲಿ?” ಎಂದು ಕೇಳಲಾಯಿತು. “ಶೈಲಿ ಕಟ್ಕೊಂಡ್ ಏನ್ ಮಾಡಾನ ಸ್ವಾಮಿ, ಮೂಟೆ ಕುಂತ್ರೆ ಸಾಕು” ಎಂದರು. ವಿನ್ಯಾಸವು ಉಪಯೋಗವನ್ನು ಅನುಸರಿಸಬೇಕೆಂದು ವಿದೇಶಿ ವಾಸ್ತುಶಿಲ್ಪಿಗಳು ಸಂಪುಟಗಟ್ಟಲೆ ಬರೆದದ್ದನ್ನು ಇವರು ಬೀಡಿ ಬಾಯಲ್ಲಿಟ್ಟುಕೊಂಡೇ ಮುಗಿಸಿದರು. 2015ರಲ್ಲಿ ಎಕ್ಸ್‌ಎಲ್ 100 ಬಂದಾಗ ಹಿಂದಿನ ಸೀಟನ್ನು ಬಿಚ್ಚಿಡುವಂತೆ ಕಂಪನಿಯೇ ಮಾಡಿಕೊಟ್ಟಿತು. ನೂರಾರು ಹಳ್ಳಿಗಳ ಸ್ಪ್ಯಾನರುಗಳ ಮುಂದೆ ಕಾರ್ಖಾನೆ ಸೋತು ಶರಣಾಯಿತೆಂದು ಈ ಲೇಖಕನ ಅಭಿಪ್ರಾಯ.

ಕಾನೂನಿನ ಮಾತು ಸ್ವಲ್ಪ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ಪ್ರಕಾರ ಕಂಪನಿ ಕೊಟ್ಟ ರೂಪ ಮನಸ್ಸಿಗೆ ಬಂದಂತೆ ಬದಲಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಜೈಲೂ ಆಗಬಹುದು. ಆದರೆ ಪೊಲೀಸರು ರೋಡ್ ರೋಲರ್ ಹತ್ತಿಸುವುದು ಸೈಲೆನ್ಸರುಗಳ ಮೇಲೆ. ಬೂಸಾ ಕ್ಯಾರಿಯರಿನ ಮೇಲೆ ರೋಲರ್ ಹತ್ತಿದ ದೃಶ್ಯ ನಮ್ಮ ಅವಲೋಕನಕ್ಕೆ ಸಿಕ್ಕಿಲ್ಲ. ದಂಡ ಹಾಕಬೇಕಾದವರ ಮನೆಯ ಹಸುವೂ ಬೂಸಾ ತಿನ್ನುತ್ತದೆಂಬುದು ಇದಕ್ಕೆ ಒಂದು ಊಹೆ.

ಒಂದು ವಿವಾದ ಮಾತ್ರ ಇತ್ಯರ್ಥವಾಗಿಲ್ಲ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಹುಡುಗನೊಬ್ಬ ಲಕ್ಷಗಟ್ಟಲೆ ಸುರಿದು, ಹಿಂದಿನ ಸೀಟು ತೆಗೆಸಿ, ಮಡ್‌ಗಾರ್ಡ್ ಕೊಯ್ಸಿ, ಕೆಫೆ ರೇಸರ್ ಮಾಡಿಸಿಕೊಂಡು ಹಬ್ಬಕ್ಕೆ ಊರಿಗೆ ಬಂದ. ಜಗಲಿಯ ಮೇಲಿದ್ದ ತಾತ ಕೆಳಗಿಳಿದು, ಬೈಕಿನ ಸುತ್ತ ಒಂದು ಸುತ್ತು ಬಂದು, ಬೋಳು ಹಿಂಭಾಗವನ್ನು ಕೈಯಲ್ಲಿ ತಟ್ಟಿ ನೋಡಿದರು. “ಸೀಟು ಕಿತ್ತಿದ್ದು ಒಳ್ಳೇದಾತು ಕಣಪ್ಪ. ಕ್ಯಾರಿಯರ್ ಯಾವಾಗ ಹಾಕ್ಸ್ತೀಯ?” ಎಂದರು.