ಎರಡಕ್ಕಿಂತ ಹತ್ತು ಚಿಕ್ಕದು: ಜಾವಾಸ್ಕ್ರಿಪ್ಟ್ ವಿಂಗಡಣಾ ಮೀಮಾಂಸೆ

ಜಾವಾಸ್ಕ್ರಿಪ್ಟಿನ ‘ಸಾರ್ಟ್’ಗೆ 1, 2, 10, 25, 100 ಎಂಬ ಅಂಕಿಗಳನ್ನು ಒಪ್ಪಿಸಿದರೆ, ಅದು 1, 10, 100, 2, 25 ಎಂದು ಜೋಡಿಸಿ ಕೊಡುತ್ತದೆ. ಇದನ್ನು ದೋಷವೆನ್ನುವವರು ಅರೆಪಂಡಿತರು. ಇದೊಂದು ದರ್ಶನವೆಂಬುದೇ ಪ್ರಸ್ತುತ ಪ್ರಬಂಧದ ಸಿದ್ಧಾಂತ. ಹೋಲಿಸುವ ಸೂತ್ರವನ್ನು ನಾವು ಕೊಡದಿದ್ದರೆ ಸಾರ್ಟ್ ಎಲ್ಲವನ್ನೂ ಮೊದಲು ಪಠ್ಯವಾಗಿಸಿ, ಬಳಿಕ ಎಡದಿಂದ ಒಂದೊಂದೇ ಅಕ್ಷರ ನೋಡುತ್ತದೆ. ಹತ್ತು ಒಂದರಿಂದ ಶುರುವಾಗುವುದರಿಂದ ಎರಡರ ಮುಂದೆ ನಿಲ್ಲುತ್ತದೆ. ಬೆಲೆ ನೋಡಿ ಮಣೆ ಹಾಕುವ ಲೋಕದಲ್ಲಿ ಬೆಲೆಯನ್ನೇ ಲೆಕ್ಕಿಸದ ಇಂಥ ಸಮದೃಷ್ಟಿ ಅಪರೂಪ. ಮೈನಸ್ ಒಂದು, ಮೈನಸ್ ಎರಡು, ಮೈನಸ್ ಮೂರು ಇದೇ ಕ್ರಮದಲ್ಲಿ ನಿಂತು ಗಣಿತವನ್ನು ತಲೆಕೆಳಗು ಮಾಡುತ್ತವೆ. ಬೆಲೆಯೇ ನಿಗದಿಯಾಗದ ‘ಅನ್‌ಡಿಫೈನ್ಡ್’ ಒಂದಕ್ಕೆ ಮಾತ್ರ ಈ ಸಮಾನತೆಯಿಲ್ಲ. ನಮ್ಮ ಸೂತ್ರ ಏನೇ ಹೇಳಲಿ, ಅದಕ್ಕೆ ಯಾವಾಗಲೂ ಕೊನೆಯ ಸಾಲು.

ಇಲ್ಲಿ ಪೂರ್ವಪಕ್ಷದವರು ಎದ್ದು, ಬ್ರೆಂಡನ್ ಐಕ್ 1995ರ ಮೇ ತಿಂಗಳಲ್ಲಿ ಹತ್ತೇ ದಿನದಲ್ಲಿ ಭಾಷೆಯ ಮೊದಲ ರೂಪ ಕಟ್ಟಿದರು, ಅವಸರದಲ್ಲಿ ಹೀಗಾಯಿತು ಎನ್ನುತ್ತಾರೆ. ಈ ವಾದ ನಿಲ್ಲದು. ಸಾರ್ಟ್ ಬಂದದ್ದು 1996ರಲ್ಲಿ, ನೆಟ್‌ಸ್ಕೇಪ್ 3ರ ಜೊತೆಗೆ. 1997ರಲ್ಲಿ ಎಕ್ಮಾ ಸಂಸ್ಥೆಯ ಪಂಡಿತರು ಕೂತು ಇದೇ ಕ್ರಮವನ್ನು ಮಾನಕಕ್ಕೆ ಬರೆದರು. ಸಮಿತಿ ಸೇರಿ ಒಪ್ಪಿದ್ದನ್ನು ಅವಸರವೆನ್ನುವುದು ಸಮಿತಿಗಳಿಗೇ ಅವಮಾನ.

ಎರಡನೆಯ ಆಕ್ಷೇಪ ಸ್ಥಿರತೆಯದು: ಸಮಬಲರ ಮೂಲಕ್ರಮ ಉಳಿಯಬೇಡವೇ? ಕ್ರೋಮ್ ಬ್ರೌಸರಿನ ವಿ8 ಎಂಜಿನ್ ಪಟ್ಟಿಯಲ್ಲಿ ಹತ್ತು ಅಂಶಗಳವರೆಗೆ ಇನ್ಸರ್ಷನ್ ಸಾರ್ಟ್ ಬಳಸಿ ಆ ಕ್ರಮವನ್ನು ಕಾಯುತ್ತಿತ್ತು. ಹನ್ನೊಂದನೆಯದು ಬಂದೊಡನೆ ಕ್ವಿಕ್‌ಸಾರ್ಟ್‌ಗೆ ಹಾರಿ ಕೈಬಿಡುತ್ತಿತ್ತು. ಪಂಕ್ತಿಯ ಊಟದಲ್ಲೂ ಹೀಗೇ: ಹತ್ತು ಜನರಿದ್ದರೆ ಉಪಚಾರ, ಹೆಚ್ಚಾದರೆ ನೂಕುನುಗ್ಗಲು. ಐದಾರು ಸಾಲಿನಲ್ಲಿ ಪರೀಕ್ಷಿಸಿ ‘ಸರಿಯಿದೆ’ ಎಂದವನಿಗೆ ದೋಷ ಕಾಣುತ್ತಲೇ ಇರಲಿಲ್ಲವೆಂಬುದು ಈ ವ್ಯವಸ್ಥೆಯ ಕರುಣೆ. 2018ರಲ್ಲಿ ವಿ8, ಟಿಮ್ ಪೀಟರ್ಸ್ ಪೈಥಾನಿಗಾಗಿ ರೂಪಿಸಿದ್ದ ಟಿಮ್‌ಸಾರ್ಟ್‌ಗೆ ಶರಣಾಯಿತು. 2019ರಲ್ಲಿ ಮಾನಕವೇ ಸ್ಥಿರತೆಯನ್ನು ಕಡ್ಡಾಯಗೊಳಿಸಿತು. ಹೀಗೆ ಆ ಕರುಣೆಯೂ ಹೋಯಿತು.

ಹಾಗಾದರೆ ಅಂಕಿಗಳ ಕ್ರಮವನ್ನೂ ತಿದ್ದಬಾರದೇ? ಬಾರದು. ಅದನ್ನೇ ನಂಬಿದ ಹಳೆಯ ಪುಟಗಳು ಕೆಡುತ್ತವೆ. ಬಹುಕಾಲ ಬಾಳಿದ ತಪ್ಪಿಗೆ ಸಂಪ್ರದಾಯವೆಂದೇ ಹೆಸರು. 2023ರ ಮಾನಕದಲ್ಲಿ, ಮೂಲ ಪಟ್ಟಿಯನ್ನು ಕದಲಿಸದ ‘ಟು ಸಾರ್ಟೆಡ್’ ಬಂತು. ಅದಕ್ಕೂ ಹತ್ತು ಎರಡಕ್ಕಿಂತ ಮೊದಲೇ. ಆದ್ದರಿಂದ ಸಿದ್ಧಾಂತ ಅಬಾಧಿತ. ಆದರೂ ಸಂಬಳದ ಪಟ್ಟಿ ಜೋಡಿಸುವ ಓದುಗರು ದರ್ಶನವನ್ನು ಬದಿಗಿಟ್ಟು, ಮೊದಲನೆಯದರಿಂದ ಎರಡನೆಯದನ್ನು ಕಳೆಯುವ ಸೂತ್ರವನ್ನು ತಾವೇ ಬರೆದುಕೊಡುವುದು ಕ್ಷೇಮ.