ಅರ್ಥ ಬೇಡ, ಅಂಕ ಹಾಕಿ

ಗಣಿತವನ್ನು ಹೇಗೆ ಮಾಡಬೇಕು ಎಂದು ಜಗತ್ತಿನ ಗಣಿತಜ್ಞರು ಹೊಸದಾಗಿ ತಲೆ ಕೆಡಿಸಿಕೊಂಡಿದ್ದಾರೆ. ಶಿರಸಿ ಶೈಕ್ಷಣಿಕ ಜಿಲ್ಲೆಗೆ ಒಮ್ಮೆ ಬಂದಿದ್ದರೆ ಇಷ್ಟು ಕಷ್ಟಪಡಬೇಕಿರಲಿಲ್ಲ.

1976ರಲ್ಲಿ ಅಪೆಲ್ ಮತ್ತು ಹಾಕೆನ್ ಕಂಪ್ಯೂಟರ್ ನೆರವಿನಿಂದ ನಾಲ್ಕು ಬಣ್ಣಗಳ ಪ್ರಮೇಯವನ್ನು ಸಾಧಿಸಿದಾಗ, ಮನುಷ್ಯ ಪೂರ್ತಿ ಓದಲಾಗದ್ದೂ ಒಂದು ಸಾಧನೆಯೇ (ಪುರಾವೆಯೇ)? ಎಂದು ಗಲಾಟೆ ಎದ್ದಿತು. ಗಣಿತಜ್ಞನ ಕೆಲಸ ಪ್ರಮೇಯಗಳ ಲೆಕ್ಕ ಹೆಚ್ಚಿಸುವುದಲ್ಲ, ಜನರಿಗೆ ಗಣಿತ ಅರ್ಥವಾಗುವಂತೆ ಮಾಡುವುದು ಎಂದು 1994ರಲ್ಲಿ ಸ್ವತಃ ಗಣಿತಜ್ಞರಾದ ಥರ್ಸ್ಟನ್ ವಾದಿಸಿದರು. ಪಾಪ, ಅವರು ನಮ್ಮ ಟ್ಯೂಶನ್ ಕಂಡವರಲ್ಲ. 2012ರಲ್ಲಿ ಜಪಾನಿನ ಮೊಚಿಜುಕಿ ಮುಂದಿಟ್ಟ ಐನೂರು ಪುಟ ಮೀರಿದ ಸಾಧನೆಯ ಬಗ್ಗೆ ಜಗಳ ಇನ್ನೂ ಮುಗಿದಿಲ್ಲ. ನಮ್ಮ ಮೌಲ್ಯಮಾಪಕರ ಕೈಗೆ ಕೊಟ್ಟಿದ್ದರೆ ಹಂತಕ್ಕೆ ಅರ್ಧ ಅಂಕದಂತೆ ಹಾಕಿ ಸಂಜೆಯೊಳಗೆ ಕಟ್ಟು ಕಟ್ಟುತ್ತಿದ್ದರು.

ಎಸ್ಸೆಸ್ಸೆಲ್ಸಿ ಮಕ್ಕಳ ನೋಟುಪುಸ್ತಕ ತೆರೆದು ನೋಡಿ. ದತ್ತ, ಸಾಧನೀಯ, ರಚನೆ, ಸಾಧನೆ, ಅಡಿಗೆರೆ ಸಮೇತ. ಥೇಲ್ಸನ ಪ್ರಮೇಯ ನಿದ್ದೆಯಲ್ಲೂ ತಪ್ಪುವುದಿಲ್ಲ. ತ್ರಿಭುಜಕ್ಕೆ ಎಬಿಸಿ ಬದಲು ಪಿಕ್ಯೂಆರ್ ಎಂದು ಹೆಸರಿಟ್ಟರೆ ಮಾತ್ರ ಪೆನ್ನು ನಿಲ್ಲುತ್ತದೆ. ಸಮಾಂತರ ರೇಖೆ ಎಳೆದರೆ ಬಾಹುಗಳು ಅದೇ ಅನುಪಾತದಲ್ಲಿ ಏಕೆ ತುಂಡಾಗಬೇಕು ಎಂದು ಕೇಳಿದ ಮಗನಿಗೆ ಅಪ್ಪನ ಉತ್ತರ ಸಿದ್ಧವಿದೆ: ‘ಮಾಣಿ, ಅದೆಲ್ಲ ಎಂತಕ್ಕೆ? ಬಾಯಿಪಾಠ ಮಾಡು.’

ಇದೇ ಅಪ್ಪ ಯಕ್ಷಗಾನದ ಮಾತಿನ ಕೂಟವಾದ ತಾಳಮದ್ದಳೆಯಲ್ಲಿ ಬೇರೆಯೇ ಮನುಷ್ಯ. ಕೌರವನ ಪ್ರಶ್ನೆಗೆ ಕೃಷ್ಣ ಉತ್ತರ ತಪ್ಪಿಸಿದರೆ ಬೆಳಗಿನ ಚಹಾದವರೆಗೂ ಸಿಟ್ಟು ಇಳಿಯುವುದಿಲ್ಲ. ಕೆರೆಕೈ ಕೃಷ್ಣ ಭಟ್ಟರಂಥ ಅರ್ಥಧಾರಿಯನ್ನು ಕಂಡ ಸೀಮೆ ಇದು. ಕಂಠಪಾಠದ ಅರ್ಥಗಾರಿಕೆಯನ್ನು ಯಲ್ಲಾಪುರದವರೂ ಕ್ಷಮಿಸುವುದಿಲ್ಲ. ದೇವರನ್ನೇ ಪಾಟೀಸವಾಲಿಗೆ ನಿಲ್ಲಿಸುವ ಸೀಮೆಯಲ್ಲಿ ಪ್ರಶ್ನೆಯಿಂದ ವಿನಾಯಿತಿ ಸಿಕ್ಕಿರುವುದು ಥೇಲ್ಸನಿಗೆ ಮಾತ್ರ!

ಅತ್ತ ಗಣಿತಜ್ಞರ ಬಳಿಗೆ ಈಗ ಲೀನ್ ಎಂಬ ತಂತ್ರಾಂಶ ಬಂದಿದೆ. ಸಾಧನೆಯನ್ನು ಸಾಲುಸಾಲಾಗಿ ಪರೀಕ್ಷಿಸುತ್ತದೆ. ಕಾರಣ ಕೊಡದ ಹೆಜ್ಜೆಯನ್ನು ಒಪ್ಪುವುದಿಲ್ಲ. ಅರ್ಥವಾಗದೆಯೂ ತಪ್ಪಿಲ್ಲದೆ ನಡೆಯುವ ಕೆಲಸ ಇನ್ನು ಯಂತ್ರದ್ದು. ಮನುಷ್ಯನಿಗೆ ಉಳಿದಿರುವುದು ಯಾವ ಪ್ರಶ್ನೆ ಕೇಳಬೇಕು, ಉತ್ತರ ಏಕೆ ಸರಿ ಎಂಬ ಎರಡೇ ಕೆಲಸ. ನಮ್ಮ ಪಠ್ಯಕ್ರಮ ಕೈಬಿಟ್ಟದ್ದೂ ಅವೆರಡನ್ನೇ.

ಪ್ರಶ್ನೆಪತ್ರಿಕೆ ತೆಗೆಯುವವರಲ್ಲಿ ಒಂದು ವಿನಂತಿ: ‘ಏಕೆ?’ ಎಂಬುದಕ್ಕೆ ನಾಲ್ಕು ಅಂಕ ಇಡಿ. ಮೊದಲ ವರ್ಷ ಫಲಿತಾಂಶ ಬೀಳುತ್ತದೆ. ಬೀಳಲಿ. ಯಂತ್ರಕ್ಕೂ ಬರುವ ಬಾಯಿಪಾಠಕ್ಕೆ ಮುಂದೆ ಸಂಬಳ ಕೊಡುವವರು ಯಾರೂ ಇರುವುದಿಲ್ಲ.