‘ಓದಲು ಮಾತ್ರ’ ಎಂಬ ಮಹಾವಾಕ್ಯದ ವಿಚಾರಣೆ

ಶಾಸ್ತ್ರ ಬರೆಯಹೊರಟವರು ಆರಂಭದಲ್ಲೇ ನಾಲ್ಕು ಅನುಬಂಧಗಳನ್ನು ಹೇಳಿಬಿಡಬೇಕೆಂದು ಹಿರಿಯರು ವಿಧಿಸಿದ್ದಾರೆ: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ಎಐ ಏಜೆಂಟುಗಳ ಕೈಗೆ ಡೇಟಾಬೇಸ್ ಕೊಡುವ ನಮ್ಮ ಎಂಜಿನಿಯರುಗಳು ಈ ಭಾರವನ್ನೆಲ್ಲ ಟೂಲ್‌ನ ವಿವರಣೆಯ ಒಂದು ಸಾಲಿಗೆ ಇಳಿಸಿದ್ದಾರೆ: “ಕ್ವೆರಿ ಓಡಿಸುತ್ತದೆ. ಓದಲು ಮಾತ್ರ.” ಸೂತ್ರಕಾರರೂ ನಾಚಬೇಕು. ಸೂತ್ರವೆಂದ ಮೇಲೆ ಭಾಷ್ಯ ಬೇಕೆಂಬುದು ಸಂಪ್ರದಾಯ. ಭಾಷ್ಯವಿಲ್ಲದಿದ್ದರೆ ಜಮೀನೇ ಕೈಬಿಟ್ಟೀತೆಂಬುದು ಪ್ರಸ್ತುತ ಪ್ರಬಂಧದ ಸಿದ್ಧಾಂತ. ಅಧಿಕಾರಿಯ ವಿಚಾರದಲ್ಲಂತೂ ಯುಗವೇ ಬದಲಾಗಿದೆ. ಪಕ್ಕದ ಮೇಜಿನವನಿಗಾಗಿ ಒಂದು ಸಾಲು ವಿವರಣೆ ಬರೆಯದ, ಬರೆದಿದ್ದರೂ ಓದದ ಕುಲದಲ್ಲಿ, ಕೊಟ್ಟದ್ದನ್ನು ಮೊದಲಿಂದ ಕೊನೆಯವರೆಗೆ ಓದಿ ಅಕ್ಷರಶಃ ನಂಬುವ ಓದುಗ ಕಟ್ಟಕಡೆಗೆ ಅವತರಿಸಿದ್ದಾನೆ. ಅವನು ಮನುಷ್ಯನಲ್ಲ ಎಂಬುದು ಸಣ್ಣ ಕೊರತೆ.

ಪೂರ್ವಪಕ್ಷಿ ಕೇಳುತ್ತಾನೆ: ಏನನ್ನೂ ತಿದ್ದಲಾಗದ ಟೂಲ್‌ನಿಂದ ಯಾರಿಗೇನು ನಷ್ಟ? ಉತ್ತರಕ್ಕೆ ಕರ್ನಾಟಕದ ‘ಭೂಮಿ’ ಯೋಜನೆಯೇ ಸಾಕ್ಷಿ. ಎರಡು ದಶಕಗಳ ಹಿಂದೆ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರ್ ಸೇರಿದವು. ಓದುವವನಿಗೆ ಅಂದು 15 ರೂಪಾಯಿ ಸಾಕಿತ್ತು. ತಿದ್ದಬೇಕಾದರೆ ಅರ್ಜಿ, ನೋಟಿಸು, ಆಕ್ಷೇಪಣೆಗೆ 30 ದಿನ, ನೌಕರನ ಬೆರಳಚ್ಚು ಬೇಕಿತ್ತು. ಓದಿಗೂ ಬರಹಕ್ಕೂ ನಡುವೆ ಇಷ್ಟು ದಪ್ಪ ಗೋಡೆ ಬೇರೆಲ್ಲಿತ್ತು? ಈ ದಾಖಲೆಗಳ ಮೇಲೆ ನಮ್ಮ ಟೂಲನ್ನು ಕೂರಿಸಿದೆವೆಂದು ಭಾವಿಸೋಣ. ಒಂದು ಸರ್ವೆ ನಂಬರಿನ ವಿಸ್ತೀರ್ಣ 2.20, ಇನ್ನೊಂದರದ್ದು 1.30. ಏಜೆಂಟ್ ವಿನಯದಿಂದ ಕೂಡಿ 3.50, ಅಂದರೆ ಮೂರೂವರೆ ಎಕರೆ ಎಂದು ವರದಿ ಮಾಡುತ್ತದೆ. ಚುಕ್ಕೆಯ ಬಲಗಡೆ ಇರುವುದು ದಶಮಾಂಶವಲ್ಲ, ಗುಂಟೆ. ಎಕರೆಗೆ 40 ಗುಂಟೆ. ನಿಜವಾದ ಮೊತ್ತ 4 ಎಕರೆ 10 ಗುಂಟೆ. ಒಂದಕ್ಷರ ತಿದ್ದದೆ, ಯಾರ ಬೆರಳಚ್ಚೂ ಕೇಳದೆ 30 ಗುಂಟೆ ಮಾಯ. ಬೆಂಗಳೂರಿನ ಲೆಕ್ಕದಲ್ಲಿ ಇಪ್ಪತ್ತೇಳು ಥರ್ಟಿ-ಫಾರ್ಟಿ ಸೈಟುಗಳು. ಒತ್ತುವರಿಯ ಇತಿಹಾಸದಲ್ಲಿ ಇಷ್ಟು ಸಾತ್ವಿಕವಾದ ಪ್ರಕರಣ ಇನ್ನೊಂದಿರಲಾರದು.

ಯಂತ್ರಕ್ಕೆ ಗುಂಟೆಯ ಲೆಕ್ಕ ಗೊತ್ತಿರುತ್ತದಲ್ಲ ಎಂದರೆ, ಗೊತ್ತಿರುತ್ತದೆ. ಈ ಕಾಲಮ್ಮಿನ ಚುಕ್ಕೆ ಯಾವ ಜಾತಿಯದೆಂದು ಮಾತ್ರ ಗೊತ್ತಿರುವುದಿಲ್ಲ. ಪಹಣಿಯ ಕಾಲಂ 9ರಲ್ಲಿ ಯಾರ ಹೆಸರಿದೆ, 11ರಲ್ಲಿ ಯಾವ ಸಾಲವಿದೆ ಎಂದು ಹಳ್ಳಿಯ ಅಜ್ಜನೂ ಬಾಯಲ್ಲೇ ಹೇಳುತ್ತಾನೆ. ಆ ಅಜ್ಜನನ್ನು ಯಾರೂ ಟೂಲ್‌ನ ವಿವರಣೆಯೊಳಗೆ ಬರೆದಿಟ್ಟಿಲ್ಲ.

ಇನ್ನು ಬೆಂಗಳೂರಿನ ಮರ್ಫಿ ಟೌನ್ ಪ್ರಕರಣ. ಅಲ್ಲಿ ಎಷ್ಟು ಜಮೀನಿದೆಯೆಂದು ಅದೇ ಟೂಲ್ ಮೂಲಕ ಕೇಳಿದರೆ ಬರುವ ಸಾಲುಗಳು ಸೊನ್ನೆ. ಆದ್ದರಿಂದ ಮರ್ಫಿ ಟೌನ್ ಎಂಬುದಿಲ್ಲ, ಎನ್ನುತ್ತದೆ ಏಜೆಂಟ್. ಹಳೇ ಮದ್ರಾಸ್ ರಸ್ತೆಯ ಟ್ರಾಫಿಕ್ಕಿನಲ್ಲಿ ನಿಂತವರ ಬಳಿ ಇದಕ್ಕೆ ವಿರುದ್ಧವಾದ ಪ್ರತ್ಯಕ್ಷ ಪ್ರಮಾಣವಿದೆ. ಏಜೆಂಟ್ ಬಸ್ಸು ಹತ್ತುವುದಿಲ್ಲ. ಕುಮಾರಿಲ ಭಟ್ಟರ ಮೀಮಾಂಸಕರು ಅನುಪಲಬ್ಧಿಯನ್ನೂ ಪ್ರಮಾಣವೆಂದು ಒಪ್ಪಿದವರೇ: ಮೇಜಿನ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲ. ಆದರೆ ಅದಕ್ಕೊಂದು ಷರತ್ತು ಹಾಕಿದ್ದರು: ಇದ್ದಿದ್ದರೆ ಕಾಣಲೇಬೇಕಾದದ್ದು ಕಾಣದಿದ್ದಾಗ ಮಾತ್ರ ಈ ತೀರ್ಮಾನ. ಮರ್ಫಿ ಟೌನ್ ‘ಭೂಮಿ’ಯಲ್ಲಿ ಕಾಣಲೇಬೇಕಾದ್ದಲ್ಲ. ಅದು ದಂಡು ಪ್ರದೇಶದ್ದು. 1947ರವರೆಗೆ ಬ್ರಿಟಿಷರ ಕೈಯಲ್ಲಿದ್ದು 1949ರಲ್ಲಿ ನಗರ ಪಾಲಿಕೆಗೆ ಸೇರಿದ ಭಾಗ. ಅಲ್ಲಿಯ ಮನೆಗಳದ್ದು ಪಾಲಿಕೆಯ ಖಾತೆ, ಪಹಣಿಯಲ್ಲ. ಹೋಗಲಿ, ಖಾತೆಯ ಕೋಶಕ್ಕೇ ಹೋದರೂ ಆ ಭಾಗದ ಹೆಸರು ಹಲಸೂರೋ, ಅಲಸೂರೋ, ಉಲ್ಸೂರೋ, ಯಾವುದನ್ನು ಕೇಳಬೇಕು? ಹಾಗಾಗಿ ಟೂಲ್‌ನ ವಿವರಣೆಯಲ್ಲಿ ಮೊದಲು ಬರೆಯಬೇಕಾದದ್ದು ಒಳಗೆ ಏನಿದೆಯೆಂಬುದಲ್ಲ, ಏನಿಲ್ಲ ಮತ್ತು ಅದು ಎಲ್ಲಿದೆ ಎಂಬುದು. ಏಳನೇ ಶತಮಾನದ ಮೀಮಾಂಸಕರಿಗೆ ಹೊಳೆದದ್ದು ಔಟರ್ ರಿಂಗ್ ರೋಡಿಗೆ ಇನ್ನೂ ತಲುಪಿಲ್ಲ.

ಕೊನೆಯ ಪೂರ್ವಪಕ್ಷಿ ಆತುರಗಾರ: ‘ಓದಲು ಮಾತ್ರ’ ಎಂದು ಬರೆದರೆ ಏಜೆಂಟ್ ಪಾಲಿಸುತ್ತದೆ, ಅಷ್ಟು ಸಾಕು. ಸಾಲದು. 2025ರ ಜುಲೈನಲ್ಲಿ ರೆಪ್ಲಿಟ್‌ನ ಕೋಡಿಂಗ್ ಏಜೆಂಟ್ ಏನನ್ನೂ ಬದಲಿಸಬೇಡವೆಂಬ ಸೂಚನೆಯಿದ್ದರೂ ಬಳಕೆಯಲ್ಲಿದ್ದ ಡೇಟಾಬೇಸನ್ನೇ ಅಳಿಸಿತು. ಏಜೆಂಟುಗಳಿಗೆ ಟೂಲ್ ಜೋಡಿಸುವ ಎಂಸಿಪಿ ಎಂಬ ಪದ್ಧತಿಯೂ ‘ಓದಲು ಮಾತ್ರ’ ಎಂಬ ಗುರುತನ್ನು ಬರೀ ‘ಹಿಂಟ್’ ಎಂದೇ ಕರೆದಿದೆ. ಕ್ವೆರಿಯ ಮೊದಲ ಪದ ‘ಸೆಲೆಕ್ಟ್’, ‘ವಿತ್’ ಅಥವಾ ‘ಎಕ್ಸ್‌ಪ್ಲೇನ್’ ಆಗಿದ್ದರೆ ಒಳಬಿಡುವ ಕಾವಲುಗಾರನೂ ಪ್ರಯೋಜನವಿಲ್ಲ: ಪೋಸ್ಟ್‌ಗ್ರೆಸ್‌ನಲ್ಲಿ ‘ವಿತ್’ ಎಂದು ಸೌಮ್ಯವಾಗಿ ಶುರುವಾದ ವಾಕ್ಯದ ಹೊಟ್ಟೆಯಲ್ಲಿ ‘ಡಿಲೀಟ್’ ಕೂತಿರಬಹುದು, ‘ಎಕ್ಸ್‌ಪ್ಲೇನ್ ಅನಲೈಸ್’ ವಿವರಿಸುವ ನೆಪದಲ್ಲಿ ಕೆಲಸವನ್ನೇ ಮುಗಿಸಿಬಿಡುತ್ತದೆ. ತಡೆಯಬೇಕಾದದ್ದು ಡೇಟಾಬೇಸಿನೊಳಗೆ, ಓದುವ ಹಕ್ಕು ಮಾತ್ರ ಇರುವ ಬಳಕೆದಾರನ ಖಾತೆಯಲ್ಲಿ. ವಿವರಣೆಗೆ ಉಳಿದ ಕೆಲಸ ಓದನ್ನು ಕಲಿಸುವುದು.

ಇಷ್ಟೆಲ್ಲ ಬರೆದರೆ ವಿವರಣೆ ಉದ್ದವಾಗುತ್ತದೆ, ಏಜೆಂಟ್ ಅದನ್ನು ಪ್ರತಿ ಸಲ ಹೊತ್ತು ತಿರುಗಬೇಕು, ಟೋಕನ್ನಿಗೆ ದುಡ್ಡು ಎಂಬ ಆಕ್ಷೇಪ ನ್ಯಾಯವಾದದ್ದು. ಆದ್ದರಿಂದ ಗುಂಟೆಗೆ ಒಂದು ಸಾಲು, ಸೊನ್ನೆಗೆ ಒಂದು, ಊರಿನ ಹೆಸರುಗಳಿಗೆ ಒಂದು ಎಂದು ಮಿತಿ ಹಾಕಬಹುದು. ಆದರೆ ಸಾಗುವಳಿಗೆ ಬಾರದ ಜಮೀನಿನಲ್ಲಿ ‘ಎ’ ಖರಾಬು ಹಿಡುವಳಿದಾರನದ್ದು, ‘ಬಿ’ ಖರಾಬು ಸಾರ್ವಜನಿಕರದ್ದು, ಮೊತ್ತದಲ್ಲಿ ಯಾವುದನ್ನು ಸೇರಿಸಬೇಕು ಎಂಬ ಪ್ರಶ್ನೆ ಒಂದು ಸಾಲಿನಲ್ಲಿ ಮುಗಿಯುವಂಥದ್ದಲ್ಲ. ಅದಕ್ಕೆ ಎರಡನೆಯ ಸಂಪುಟವನ್ನು ಮೀಸಲಿಡಲಾಗಿದೆ, ಓದಲು ಮಾತ್ರ.